ಕ್ಷಿಪಣಿ ಅಳಿಯ

ಮಾವನವರ ಕಣ್ಣೆದುರಿಗೆ ಕ್ಷಿಪಣಿ ಕೋಣೆಯ ಕುರ್ಚಿಯಲ್ಲಿ ಅವನಿನ್ನೂ ಸರಿಯಾಗಿ ಕೂತಿರಲಿಲ್ಲ, ತಲೆಯ ಮೇಲಿನ ಧ್ವನಿವರ್ಧಕ ಕೂಗಿಕೊಂಡಿತು. "ಹಡಗಿನ ಪ್ಲಂಬರ್ ಎಲ್ಲಿದ್ದರೂ ಕೂಡಲೇ ಕೆಳಗಿನ ಅಂತಸ್ತಿಗೆ ಬರಬೇಕು. ಮುಂಭಾಗದ ಒಂದು ಟಾಯ್ಲೆಟ್ಟೂ ಕೆಲಸ ಮಾಡುತ್ತಿಲ್ಲ."

ಆ ಪ್ಲಂಬರ್ ಅವನೇ. ಕುರ್ಚಿ ಮಾತ್ರ ಅವನದಲ್ಲ. ಕ್ಷಿಪಣಿ ವಿಭಾಗದ ಗೆಳೆಯನ ಕೈಕಾಲು ಹಿಡಿದು ಸ್ವಲ್ಪ ಹೊತ್ತಿಗೆ ಎರವಲು ಪಡೆದದ್ದು. ಮದುವೆಗೆ ಮುಂಚೆ ಮಾವ "ಹಡಗಿನಲ್ಲಿ ಏನು ಕೆಲಸ?" ಎಂದಾಗ "ಕ್ಷಿಪಣಿ" ಎಂದು ಬಾಯಿ ಜಾರಿತ್ತು. ಅಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಮಾವ ನಿವೃತ್ತ ಹೆಡ್‌ಮಾಸ್ಟರು. ಬೀದಿಗೆಲ್ಲ ಅದನ್ನೇ ಪಾಠ ಮಾಡಿ, ತರಕಾರಿಯವನು ಕೂಡ ಇವನನ್ನು 'ಕ್ಷಿಪಣಿ ಅಳಿಯ' ಎನ್ನುವಂತೆ ಮಾಡಿಬಿಟ್ಟಿದ್ದರು. ಈಗ ಹಳೆಯ ಯುದ್ಧನೌಕೆಯನ್ನು ಹೊಸದು ಮಾಡಿ, ಹೊಸ ರಡಾರು, ಹೊಸ ಕ್ಷಿಪಣಿ, ಹೊಸ ಟಾಯ್ಲೆಟ್ಟು ಕೂಡಿಸಿದ್ದರು. ಇವತ್ತು ಅದನ್ನೆಲ್ಲ ಮನೆಮಂದಿಗೆ ತೋರಿಸುವ ದಿನ. ರಡಾರೂ ಕ್ಷಿಪಣಿಯೂ ಪುಣ್ಯವಂತರ ಪಾಲಾಗಿದ್ದವು. ಇವನ ಹಣೆಗೆ ಬಂದದ್ದು ಉಳಿದದ್ದು.

"ಯಾರೋ ಪ್ಲಂಬರ್‌ನ ಕರೀತಿದ್ದಾರೆ ಅಳಿಯಂದ್ರೇ," ಎಂದರು ಮಾವ.

"ಕರೀಲಿ ಬಿಡಿ ಮಾವ. ಆ ಮನುಷ್ಯನದು ಯಾವತ್ತೂ ಇದೇ ಹಣೆಬರಹ, ಬೇಕಾದಾಗ ಕೈಗೆ ಸಿಗಲ್ಲ," ಎಂದು ತನಗೆ ತಾನೇ ಬೈದುಕೊಂಡು, ಎದುರಿಗೆ ಆಫ್ ಆಗಿದ್ದ ಕಂಪ್ಯೂಟರ್ ಪರದೆಯನ್ನು ಗಂಭೀರವಾಗಿ ದಿಟ್ಟಿಸಿದ. ಅದರಲ್ಲಿ ಅವನದೇ ಮುಖ ಕಂಡಿತು. ಕ್ಷಿಪಣಿ ಹಾರಿಸುವವನ ಮುಖ ಹೀಗಿರುತ್ತದೆಂದು ಅವನಿಗೇ ನಂಬಿಕೆ ಬರಲಿಲ್ಲ. ಹೆಂಡತಿಗೆ ಮೊದಲಿನಿಂದ ಎಲ್ಲ ಗೊತ್ತು. ಅವಳು ಬಾಗಿಲಿಗೆ ಒರಗಿ, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು.

ಇನ್ನೊಂದು ಸಲ ಕೂಗು ಬಂತು. ಅವನು ಅಲ್ಲಾಡಲಿಲ್ಲ. ಆಮೇಲೆ ಕೂಗು ಬರಲಿಲ್ಲ, ಸಾಕ್ಷಾತ್ ಕ್ಯಾಪ್ಟನ್ ಸಾಹೇಬರೇ ಬಂದರು. ಮುಖ ಕೆಂಪಾಗಿತ್ತು, ಮಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಏನಯ್ಯಾ, ಇಡೀ ಹಡಗು ಹುಡುಕಿಸ್ತಾ ಇದ್ದೀನಿ, ನೀನಿಲ್ಲಿ ಕ್ಷಿಪಣಿ ಬಿಡ್ತಾ ಕೂತಿದ್ದೀಯಾ? ಅಲ್ಲಿ ನಮ್ಮತ್ತೆ ಸಾಲಿನಲ್ಲಿ ನಿಂತಿದ್ದಾರೆ. ಅವರ ಹಿಂದೆ ನಾನು ನಿಂತಿದ್ದೀನಿ. ಮೊದಲು ಹೋಗಿ ಟಾಯ್ಲೆಟ್ ಸರಿಮಾಡು ಪುಣ್ಯಾತ್ಮ!"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಹಡಗಿನಲ್ಲಿ ಆ ಅನುಕೂಲವೂ ಇಲ್ಲ. ಮಾವನ ಮುಖ ನೋಡುವ ಧೈರ್ಯ ಸಾಲದೆ ತಲೆ ತಗ್ಗಿಸಿಕೊಂಡು ಹೊರಬಿದ್ದ. ಕಡಿದಾದ ಕಬ್ಬಿಣದ ಏಣಿ ಇಳಿಯುವಾಗ ಹಿಂದಿನಿಂದ, "ನಿಲ್ಲಿ ಅಳಿಯಂದ್ರೇ, ನಾನೂ ಬರ್ತೀನಿ," ಎಂಬ ದನಿ ಕೇಳಿಸಿತು. ನಾಲ್ಕು ಜನರ ಮುಂದೆ ಬೈಯಬಾರದೆಂದು ಬರುತ್ತಿದ್ದಾರೆ, ದೊಡ್ಡ ಮನುಷ್ಯರು ಎಂದುಕೊಂಡ.

ಹೊಸ ಟಾಯ್ಲೆಟ್ಟುಗಳಿಗೆ ನೀರು ಹೆಚ್ಚು ಬೇಡ. ಗಾಳಿಯೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಕೊಳವೆಯಲ್ಲಿ ಒಂದು ಕಡೆ ಏನಾದರೂ ಸಿಕ್ಕಿಕೊಂಡರೆ ಇಡೀ ಸಾಲೇ ಬಂದ್. ಅವನು ಕೈಗವಸು ಏರಿಸಿ, ತಿರುವಿನ ಜಾಗದಲ್ಲಿ ಕೊಳವೆ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ ತಡಕಾಡಿದ. ಸಿಕ್ಕಿತು. ಹೊರಗೆಳೆದರೆ, ಮುದ್ದೆಯಾದ ದೊಡ್ಡ ಚಾಕಲೇಟ್ ಪೊಟ್ಟಣ, ಬಂಗಾರದ ಬಣ್ಣ ಇನ್ನೂ ಹೊಳೆಯುತ್ತಿತ್ತು.

"ಯಾವ ಮೂರ್ಖ ಮುಂಡೇದು..." ಎನ್ನುತ್ತ ತಲೆಯೆತ್ತಿದವನು ಅಲ್ಲಿಗೇ ನಿಲ್ಲಿಸಿದ. ಜೀವಮಾನವಿಡೀ ಮಕ್ಕಳು ಕಾಪಿ ಹೊಡೆಯುವುದನ್ನು ಹಿಡಿದ ಮಾವ, ಚೀಟಿ ಸಮೇತ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ನಂದೇ," ಎಂದರು ಮೆಲ್ಲಗೆ. "ಸಕ್ಕರೆ ಕಾಯಿಲೆ ನೋಡಿ, ಮಗಳು ಜೇಬೆಲ್ಲ ತಡಕ್ತಾಳೆ. ಅದಕ್ಕೇ ಹಡಗು ಹತ್ತಿದ ಕೂಡಲೇ ಟಾಯ್ಲೆಟ್ ಒಳಗೆ ಚಿಲಕ ಹಾಕ್ಕೊಂಡು ತಿಂದು, ಅಲ್ಲೇ ಹಾಕ್ಬಿಟ್ಟೆ. ಏನು ಎಳೀತದೆ ಅಳಿಯಂದ್ರೇ ಅದು, ಸರ್ರಂತ ಹೋಯ್ತು!"

ಅವನು ಕೊಳವೆ ಜೋಡಿಸಿ ತಿರುಪು ಬಿಗಿಮಾಡುತ್ತ, ಮುಖ ತಿರುಗಿಸದೆಯೇ ಕೇಳಿದ: "ಮಾವ, ಇನ್ಮೇಲೆ ಬೀದಿಯಲ್ಲಿ ಏನಂತ ಹೇಳ್ತೀರಿ?"

"ಏನಂತ ಹೇಳೋದು? ಇಷ್ಟು ದೊಡ್ಡ ಯುದ್ಧದ ಹಡಗನ್ನ ಒಬ್ಬ ಮುದುಕ ಚಾಕಲೇಟ್ ಪೊಟ್ಟಣದಿಂದ ಮಂಡಿಯೂರಿಸಿಬಿಟ್ಟ ಅಂತಲೇ? ಶತ್ರುಗಳ ಕಿವಿಗೆ ಬಿದ್ರೆ ಏನು ಗತಿ! ನೀವು ಕ್ಷಿಪಣಿ ಅಳಿಯಾನೇ. ಬಾಯಿ ಮುಚ್ಕೊಂಡಿರಿ, ನಾನೂ ಮುಚ್ಕೊಂಡಿರ್ತೀನಿ."

ಕೊಳವೆ ಗೊರ್ರೆಂದು ಉಸಿರೆಳೆಯಿತು. ಮೇಲೆ ಟಾಯ್ಲೆಟ್ ಬಾಗಿಲುಗಳು ಒಂದಾದ ಮೇಲೊಂದು ಬಡಿದುಕೊಂಡವು. ಅವನ ಎದೆಯ ಭಾರವೂ ಅದರ ಜೊತೆಗೇ ಇಳಿದುಹೋಯಿತು; ಇಂಥ ಮಾವನ ಮುಂದೆ ಇಷ್ಟು ದಿನ ಸುಳ್ಳು ಹೊತ್ತು ತಿರುಗಿದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ ಎಂದುಕೊಂಡ. ಅಷ್ಟರಲ್ಲಿ ಹೆಂಡತಿ ಮೂಗು ಮುಚ್ಚಿಕೊಂಡು ಏಣಿ ಇಳಿದು ಬಂದಳು.

"ಏನ್ರೀ ಅದು, ಕೈಯಲ್ಲಿ?"

ಅವನು ಕೈಯನ್ನು ಬೆನ್ನ ಹಿಂದೆ ಮಾಡಿದ. ಮಾವ ಇಬ್ಬರ ನಡುವೆ ಬಂದು ನಿಂತು, ಎದೆ ಸೆಟೆಸಿ, ತರಗತಿಯ ದನಿ ತೆಗೆದರು. "ಕ್ಷಿಪಣಿಯ ಬಿಡಿಭಾಗ ಕಣಮ್ಮ. ದೇಶದ ಗುಟ್ಟು. ನೀನು ಕೇಳಬಾರದು, ನಾವು ಹೇಳಬಾರದು."

ಅವಳು ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಕೈಚೀಲದಿಂದ ಕರವಸ್ತ್ರ ತೆಗೆದು ಅಪ್ಪನ ಕೈಗಿತ್ತಳು.

"ಸರಿ ಅಪ್ಪ, ಕೇಳಲ್ಲ. ಮೊದಲು ಮೀಸೆಗೆ ಮೆತ್ತಿಕೊಂಡಿರೋ ದೇಶದ ಗುಟ್ಟನ್ನ ಒರೆಸ್ಕೊಳ್ಳಿ."