ಪೆನ್ಸಿಲ್ ದಪ್ಪದ ಪೈಪು

ಡಾರ್ಲಾ ಹೆಲ್ಮೆಟ್ ಕಳಚುವಷ್ಟರಲ್ಲಿ ಯಾರೋ ಅವಳ ಕಾರಿನ ವೈಪರಿಗೆ ಕೋಳಿಪುಕ್ಕ ಸಿಕ್ಕಿಸಿ ಹೋಗಿದ್ದರು. ಒಹಾಯೊದ ಆ ಸಣ್ಣ ರೇಸ್ ಮೈದಾನದಲ್ಲಿ ಅದು ಹಳೇ ರೂಢಿ. ಕಾಲು ಮೈಲಿಯ ಓಟದಲ್ಲಿ ಕೊನೆಗೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದವರಿಗೆ ಈ ಪುಕ್ಕದ ಸನ್ಮಾನ. ಅವಳು ಅದನ್ನು ಕಿತ್ತು ನೆಲಕ್ಕೆ ಎಸೆದಳು.

"ನಾನು ಕಾಲು ತೆಗೀಲಿಲ್ಲ. ಮುಕ್ಕಾಲು ದೂರ ಹೋದ್ಮೇಲೆ ಎಂಜಿನ್ನೇ ಸುಸ್ತಾಯ್ತು."

ಮಡಿಚುವ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಲಾಯ್ಡ್ ಕಾಫಿ ಲೋಟದಿಂದ ಕಣ್ಣೆತ್ತಲಿಲ್ಲ. "ನಂಗೂ ಅಲ್ಲೇ ಆಗ್ತಿತ್ತು ಮಗಳೇ, ಆ ಬಿಳೀ ಕಂಬದ ಹತ್ರಾನೇ. ರಕ್ತದಲ್ಲಿ ಬಂದಿದ್ದು, ಏನ್ಮಾಡೋಕಾಗುತ್ತೆ? ಶನಿವಾರ ಗಿರಾಕಿ ಬರ್ತಾನಲ್ಲ, ಕಾರು ಕೊಟ್ಟುಬಿಡು."

"ನಿನ್ನ ಕಾಲಿನ ವಿಷಯ ನಂಗೊತ್ತಿಲ್ಲಪ್ಪ. ನನ್ನ ಕಾಲು ಎಲ್ಲಿತ್ತು ಅಂತ ನಂಗೊತ್ತು."

ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಆರ್ವಿಲ್ ಹೊಟ್ಟೆ ಕುಲುಕಿಸಿ ನಕ್ಕ. ನಗುವ ಹಕ್ಕು ತನಗಿದೆ ಎಂದೇ ಅವನು ತಿಳಿದಿದ್ದ. ಎಂಬತ್ನಾಲ್ಕನೇ ಇಸವಿಯಲ್ಲಿ, ಲಾಯ್ಡ್ ಓಡಿಸುತ್ತಿದ್ದ ಕಾಲದಲ್ಲಿ, ಈ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದವನು ಅವನೇ. ಗೆಳೆಯನಿಗೆ ಮೊದಲ ಪುಕ್ಕ ಸಿಕ್ಕಿಸಿದವನೂ ಅವನೇ, 'ಹಗುರಗಾಲು ಲಾಯ್ಡ್' ಎಂದು ಹೆಸರಿಟ್ಟವನೂ ಅವನೇ. ಮೂರು ವರ್ಷ ಪುಕ್ಕ ತಿಂದ ಲಾಯ್ಡ್ ಕಾರನ್ನು ಕೊಟ್ಟಿಗೆಗೆ ತಳ್ಳಿ ಟಾರ್ಪಾಲು ಹೊದಿಸಿದ. ಹೆಸರು ಮಾತ್ರ ಊರಿನ ಬಾಯಲ್ಲಿ ಓಡಾಡಿಕೊಂಡೇ ಇತ್ತು.

ಈ ವಸಂತದಲ್ಲಿ ಟಾರ್ಪಾಲು ತೆಗೆದವಳು ಡಾರ್ಲಾ. ಆರ್ವಿಲ್ ಎಂಜಿನ್ ಬಿಚ್ಚಿ ಜೋಡಿಸಿದ, ಕಾರ್ಬ್ಯುರೇಟರ್ ಬದಲಾಯಿಸಿದ, ಟ್ಯಾಂಕಿನ ಪಕ್ಕ ಜೋರಾದ ಹೊಸ ಪಂಪು ಕೂರಿಸಿದ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪನ್ನು ಮಾತ್ರ ಮುಟ್ಟಲಿಲ್ಲ. ಎಂಬತ್ನಾಲ್ಕರಲ್ಲಿ ಒಂದು ಕಡೆಯೂ ಚಪ್ಪಟೆಯಾಗದಂತೆ ತನ್ನ ಕೈಯಲ್ಲೇ ಬಗ್ಗಿಸಿ ಹಾಕಿದ ಪೈಪು ಅದು. ಆಗ ಅದನ್ನು ನೋಡಲು ಜನ ಕಾರಿನಡಿ ಮಲಗುತ್ತಿದ್ದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದರಲ್ಲಿ ಕೊರತೆ ಹುಡುಕಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಡಾರ್ಲಾ ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದಳು. "ನೀವೇ ಹೇಳಿ ಆರ್ವಿಲ್ ಅಂಕಲ್. ನನ್ನ ಕಾಲೋ, ಕಾರೋ? ಕಾಲು ಅಂತಾದ್ರೆ ಶನಿವಾರ ಮಾರ್ತೀನಿ, ಇನ್ನು ಆ ಮೈದಾನದ ಕಡೆ ತಲೆ ಹಾಕಿ ಮಲಗಲ್ಲ."

ಅವಳ ಸಮಾಧಾನಕ್ಕೆ ಆರ್ವಿಲ್ ಪೈಪಿನ ಎಂಜಿನ್ ಕಡೆಯ ತುದಿ ಬಿಚ್ಚಿ ಬಕೆಟ್ಟಿಗೆ ಇಳಿಬಿಟ್ಟ. ಪಂಪು ಚಾಲೂ ಮಾಡಿ ಗಡಿಯಾರ ನೋಡಿದ. ಅರ್ಧ ನಿಮಿಷಕ್ಕೆ ಬರಬೇಕಾದಷ್ಟರಲ್ಲಿ ಅರ್ಧವೂ ಬರಲಿಲ್ಲ. ಗಡಿಯಾರದ ಮೇಲೆ ಅನುಮಾನಪಟ್ಟು ಇನ್ನೊಮ್ಮೆ ಮಾಡಿದ. ಕೊನೆಗೆ ಹಳೇ ಪೈಪನ್ನು ಪಂಪಿನಿಂದಲೇ ಕಳಚಿ, ಅರ್ಧ ಇಂಚಿನ ರಬ್ಬರ್ ಪೈಪು ಸಿಕ್ಕಿಸಿ ನೋಡಿದ. ಪೆಟ್ರೋಲು ಭರ್ರನೆ ಬಂತು. ಆರ್ವಿಲ್ ಪಂಪು ನಿಲ್ಲಿಸಿದ.

"ಪಂಪು ಚೆನ್ನಾಗೇ ಇದೆ. ಹೋಗೋಕೆ ದಾರಿ ಇಲ್ಲ."

"ಅಂದ್ರೆ?"

"ಈ ಪೆನ್ಸಿಲ್ ದಪ್ಪದ ಪೈಪು ಸಂತೆಗೆ ಹೋಗಿಬರೋ ಕಾರಿಗೆ ಸಾಕು. ಇಂಥ ಎಂಜಿನ್ನಿಗೆ ಅರ್ಧ ಇಂಚಿಂದೇ ಬೇಕು. ಕಾರ್ಬ್ಯುರೇಟರಲ್ಲಿ ತುಂಬಿಕೊಂಡಿರೋ ಪೆಟ್ರೋಲಿನ ಜೋರಲ್ಲಿ ಮೊದಲು ಚೆನ್ನಾಗೇ ಓಡುತ್ತೆ. ಬಿಳೀ ಕಂಬದ ಹತ್ರ ಅದು ಮುಗಿಯುತ್ತೆ, ಹಿಂದಿನಿಂದ ಬರೋದು ಸಾಲಲ್ಲ. ಹೊರಗೆ ನಿಂತು ಕೇಳೋರಿಗೆ ಥೇಟು ಕಾಲು ತೆಗೆದ ಹಾಗೇ ಕೇಳುತ್ತೆ."

ಡಾರ್ಲಾ ಬಗ್ಗಿ ಕಾರಿನಡಿ ನೋಡಿದಳು. "ಅಪ್ಪನ ಕಾಲದಲ್ಲೂ ಇದೇ ಪೈಪಾ?"

"ಹೂಂ."

"ಹಾಕಿದ್ದು ಯಾರು?"

"ನಾನೇ."

"ಹಾಗಾದ್ರೆ ಅಪ್ಪಂಗೆ ನೀವೇ ಹೇಳ್ಬೇಕು," ಎಂದು ಅವಳು ಹೊರಟುಹೋದಳು.

ಆರ್ವಿಲ್ ಎರಡು ದಿನ ಕಾರಿನಡಿ ಮಲಗಿ ಉದ್ದಕ್ಕೂ ಅರ್ಧ ಇಂಚಿನ ಪೈಪು ಎಳೆದ. ಗುರುವಾರ ಹತ್ತು ಗಂಟೆಗೆ ಹಳೇ ಪೈಪಿನ ಗೇಣುದ್ದದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಟೆಲಿಗೆ ಹೋದ. ಲಾಯ್ಡ್ ಎಂದಿನಂತೆ ಕಿಟಕಿ ಪಕ್ಕ ಕೂತು ಚೆರ್ರಿ ಪೈ ತಿನ್ನುತ್ತಿದ್ದ. ಆರ್ವಿಲ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಎದುರಿಗೆ ಕೂತ ಮೇಲೆ ಒಂದೂ ನೆನಪಾಗಲಿಲ್ಲ. ಪೈಪಿನ ತುಂಡನ್ನು ಮೇಜಿನ ಮೇಲಿಟ್ಟ.

"ಡಾರ್ಲಾ ಕಾಲು ತೆಗೆದಿರ್ಲಿಲ್ಲ ಕಣೋ. ಎಂಜಿನ್ನಿಗೆ ಪೆಟ್ರೋಲು ಸಾಲ್ತಿರ್ಲಿಲ್ಲ. ಎಂಬತ್ನಾಲ್ಕರಲ್ಲೂ ಇದೇ ಪೈಪು." ತುಂಡನ್ನು ಲಾಯ್ಡ್ ಕಡೆ ಸರಿಸಿದ. "ನೀನೂ ತೆಗೆದಿರ್ಲಿಲ್ಲ. ಎಲ್ಲಾ ನನ್ನ ಕೈಕೆಲಸ. ನನ್ನಿಂದ ನಿಂಗೆ ಆ ಹೆಸರು ಬಂತು. ತಪ್ಪಾಯ್ತು."

ಲಾಯ್ಡ್ ಬೈಯುತ್ತಾನೆ, ಇಲ್ಲವೇ ನಗುತ್ತಾನೆ ಎಂದುಕೊಂಡಿದ್ದ ಆರ್ವಿಲ್. ಎರಡಕ್ಕೂ ಸಿದ್ಧನಾಗಿದ್ದ. ಲಾಯ್ಡ್ ಚಮಚ ಇಟ್ಟು, ಪೈಪನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಅದರೊಳಗೆ ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ತಟ್ಟೆಯ ಪಕ್ಕ ನೆಟ್ಟಗೆ ಇಟ್ಟ.

"ಮೊದಲನೇ ವರ್ಷ ತೆಗೆದಿರ್ಲಿಲ್ಲ, ನಿಜ," ಎಂದ. "ಎರಡನೇ ವರ್ಷ ನನ್ನ ಕಾಲಿನ ಮೇಲೆ ನಂಗೇ ಅನುಮಾನ ಶುರುವಾಯ್ತು. ಮೂರನೇ ವರ್ಷ ನಿಜವಾಗ್ಲೂ ತೆಗೀತಿದ್ದೆ, ಆರ್ವಿಲ್."