ಗೋಡೆಯ ಮೇಲಿನ ಗಣಪತಿ

ನಾಗರಿಕ ಸಮಿತಿಯ ಅಧ್ಯಕ್ಷ ಅಶ್ವಿತ್ ಮೇಜಿನ ಮೇಲಿಟ್ಟ ಟೈಲ್ಸಿನಲ್ಲಿ ಗಣಪತಿ, ಪಾಪ, ನಗುತ್ತಲೇ ಇದ್ದ. ಸ್ವರ್ಣಲತಾ ಕೇಳಿದ್ದು ಕೊಟ್ಟಾರದಲ್ಲಿ ತನ್ನ ಮನೆ ಪಕ್ಕ ರಿಕ್ಷಾಗಳು ನಿಲ್ಲುವ ಪಾರ್ಕಿಗೊಂದು ಶೌಚಾಲಯ. ಅದಿಲ್ಲದೆ ಎಲ್ಲರೂ ಅವಳ ಕಂಪೌಂಡ್ ಗೋಡೆಗೇ ನಿಲ್ಲುತ್ತಿದ್ದರು. ದೇವರ ಕೋಣೆಯಲ್ಲಿ ಊದುಬತ್ತಿ ಹಚ್ಚಿದರೂ ಮೂತ್ರದ್ದೇ ನಾತ.

"ಶೌಚಾಲಯ ಮುಂದಿನ ವರ್ಷ ನೋಡುವ ಅಕ್ಕ. ಗೋಡೆಗೆ ಇದನ್ನು ಅಂಟಿಸಿದ್ರೆ ಒಬ್ಬನೂ ಹತ್ತಿರ ಬರುದಿಲ್ಲ," ಎಂದ ಅಶ್ವಿತ್. ಸಮಿತಿಯವರೆಲ್ಲ ತಲೆಯಾಡಿಸಿದರು.

ಸ್ವರ್ಣಲತಾ ಟೈಲ್ಸನ್ನು ತನ್ನತ್ತ ಎಳೆದುಕೊಂಡಳು. "ದೇವರು ಎಂತಕ್ಕೆ? ನಿಮ್ಮದೇ ಫೋಟೊ ಅಂಟಿಸುವ. ಅಧ್ಯಕ್ಷರಲ್ವಾ, ನಿಮಗೂ ಹೆದರ್ತಾರೆ."

"ಎಂತ ಅಕ್ಕ ನೀವು ಹೇಳುದು!" ಅಶ್ವಿತ್ ಎದ್ದೇ ಬಿಟ್ಟ. "ಕುಡಿದು ಬಂದವ ಯಾರಾದ್ರೂ ನನ್ನ ಮುಖಕ್ಕೇ ಉಚ್ಚೆ ಹೊಯ್ದರೆ?"

ಆಡಿದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು. ಸ್ವರ್ಣಲತಾ ಗಣಪತಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು.