ಹಿಂದಿನ ಸೀಟಿನ ಉದ್ದ

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದಾಗ ಬರುವ ಕಾದ ರೆಕ್ಸಿನ್ನಿನ ವಾಸನೆ ನನ್ನನ್ನು ಈಗಲೂ ಮಕ್ತಲ್‌ನ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅವ್ವನನ್ನು ಆಪರೇಷನ್ನಿಗೆ ಹೈದರಾಬಾದಿಗೆ ಕರೆದೊಯ್ಯಬೇಕಿತ್ತು. ಅವಳಿಗೆ ಹೆಚ್ಚು ಹೊತ್ತು ಕೂತಿರಲು ಆಗುತ್ತಿರಲಿಲ್ಲ. ಅದಕ್ಕೇ ಅಪ್ಪ ಹಿಂದಿನ ಸೀಟು ಉದ್ದವಿರುವ ಸೆಕೆಂಡ್ ಹ್ಯಾಂಡ್ ಕಾರು ನೋಡಲು ನಮ್ಮಿಬ್ಬರನ್ನೂ ಕರೆತಂದಿದ್ದ. ಮಾರುವವನು ಒಂದು ಬಿಳಿ ಕಾರಿನ ಬಾನೆಟ್ ತಟ್ಟಿದ.

"ಎಂಜಿನ್ ಗಟ್ಟಿ ಐತ್ರಿ, ನಡುದಾರ್ಯಾಗ ಕೈ ಕೊಡಂಗಿಲ್ಲ. ಬೇಕಾದ್ರ ಮೈಲೇಜ್ ಕೇಳ್ರಿ."

ಅಪ್ಪ ಮೈಲೇಜ್ ಕೇಳಲಿಲ್ಲ. ಹಿಂದಿನ ಬಾಗಿಲು ತೆಗೆದು ಅವ್ವನಿಗೆ, "ಸ್ವಲ್ಪ ಮಲಗಿ ನೋಡು," ಎಂದ.

"ಕಾರ್ ನೋಡಾಕ ಬಂದೀರೋ, ಮಂಚ ನೋಡಾಕ ಬಂದೀರೋ ಸಾಹುಕಾರ್ರ?" ಮಾರುವವನು ನಕ್ಕ.

"ಗಾಲಿ ಇದ್ದ ಮಂಚ ಅಂತ ತಿಳ್ಕೊಳ್ಳಪ್ಪಾ," ಎಂದು ಅವ್ವನೂ ನಕ್ಕಳು.

ಸೀಟು ಸುಡುತ್ತಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ ಹಾಸಿದ. ಅವ್ವ ಸೀರೆಯ ನೆರಿಗೆ ಒಟ್ಟಿಗೆ ಹಿಡಿದು, ಮೊಣಕಾಲು ಮಡಚಿ ಮಲಗಿದಳು. ಅವಳ ತಲೆಯನ್ನು ನಾನು ತೊಡೆಯ ಮೇಲಿಟ್ಟುಕೊಂಡೆ. ನನಗದು ಆಟದ ಹಾಗಿತ್ತು. ಅಪ್ಪ ತಗ್ಗುದಿಣ್ಣೆಯ ದಾರಿಯಲ್ಲಿ ಕಾರು ಓಡಿಸುತ್ತ, "ಕುಲುಕ್ತದೇನು?" ಎಂದು ಮತ್ತೆ ಮತ್ತೆ ಕೇಳಿದ.

"ಇಲ್ಲ ತಗೋರಿ. ಇದೇ ಇರಲಿ," ಎಂದಳು ಅವ್ವ.

ಇಳಿದ ಮೇಲೆ ಅಪ್ಪ ಮುಂದಿನ ಬಾಗಿಲು ತೆಗೆದು, ಅಲ್ಲಿಯೂ ಒಮ್ಮೆ ಕೂತು ನೋಡು ಎಂದ. ಅವ್ವ ಒಳಗೆ ಕೈಯಿಟ್ಟು ಸೀಟು ಸವರಿದಳು, ಕೂರಲಿಲ್ಲ.

"ಈಗ ಬ್ಯಾಡ್ರಿ. ಆಸ್ಪತ್ರಿ ಮುಗಿಸಿ ಬರೋವಾಗ ಕುಂದರ್ತೀನಿ."

ಹೈದರಾಬಾದಿನಿಂದ ಬರುವಾಗ ಹಿಂದಿನ ಸೀಟಿನಲ್ಲಿ ಅಪ್ಪನ ಟವೆಲ್ ಮಾತ್ರ ಇತ್ತು. ಮುಂದಿನ ಆ ಸೀಟಿನಲ್ಲಿ ನಾನು ಕೂತಿದ್ದೆ.